‘ಇನ್’ ಅಂದರೆ ಇಲ್ಲ

ಊರಿಗೆಲ್ಲ ಅವರು ಕತ್ತರಿ ಮೇಷ್ಟ್ರು. ಬಟ್ಟೆ ಕತ್ತರಿಸುವವರಲ್ಲ, ಮಾರುದ್ದದ ಇಂಗ್ಲಿಷ್ ಪದ ಕಂಡರೆ ಸಾಕು, ತುಂಡು ತುಂಡು ಮಾಡಿ ಕೈಗಿಡುವವರು. ತುಂಡಿಗೊಂದು ಬೆರಳಿನ ತಟ್ಟು, ಒತ್ತು ಬೀಳುವಲ್ಲಿ ಮುಷ್ಟಿಯ ಗುದ್ದು. ಆ ಗುದ್ದು ತಾಳಲಾರದೆ ದುಡಿಯುವವರಿಗೆ ಸಂಜೆ ಪಾಠ ಹೇಳುವ ಕೋಣೆಯ ಮೇಜಿನ ಒಂದು ಕಾಲು ಎಂದೋ ರಾಜೀನಾಮೆ ಕೊಟ್ಟು, ಅದರ ಜಾಗದಲ್ಲಿ ಇಟ್ಟಿಗೆ ಕೂತಿತ್ತು.

ಪದದ ತಲೆ ಹಿಡಿದರೆ ಮೈ ತಾನೇ ಬರುತ್ತದೆ ಎನ್ನುವುದು ಅವರ ಪಾಠ. ತಲೆಗಳಲ್ಲಿ ಅಚ್ಚುಮೆಚ್ಚಿನದು ‘ಇನ್’. ಕರೆಕ್ಟ್ ಅಂದರೆ ಸರಿ, ಇನ್‌ಕರೆಕ್ಟ್ ಅಂದರೆ ಸರಿ ಇಲ್ಲ. ‘ಇನ್ ಅಂದರೆ ಇಲ್ಲ’ ಎಂದು ತರಗತಿ ಒಕ್ಕೊರಲಿನಲ್ಲಿ ಕೂಗಿದರೆ ಮೇಷ್ಟ್ರ ಮುಖ ಊರಗಲ.

ಈ ವರ್ಷ ಕೊನೆಯ ಬೆಂಚಿನಲ್ಲಿ ಅವರ ಸ್ವಂತ ಅಕ್ಕ ಕೂರುತ್ತಿದ್ದಳು. ಕುರ್ಚಿ, ಮಂಚಗಳಿಗೆ ಪಾಲಿಶ್ ಹಾಕುವವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತನ್ನನ್ನು ಎತ್ತಿ ಆಡಿಸಿದವಳಿಗೆ ಅಕ್ಷರ ಕಲಿಸುವಾಗ ಮೇಷ್ಟ್ರಿಗೆ ಎಲ್ಲಿಲ್ಲದ ಹೆಮ್ಮೆ.

ಒಂದು ಬೆಳಿಗ್ಗೆ, ಮೇಜಿನ ಕಾಲಿಗೆ ಮರದ ತುಂಡು ಕೇಳೋಣವೆಂದು ಅಕ್ಕನ ಶೆಡ್ಡಿಗೆ ಹೋದವರು ಬಾಗಿಲಲ್ಲೇ ಬೆವೆತುಹೋದರು. ಅಂಟು ಕಾಯಿಸುವ ಸ್ಟೌ, ಅದರ ಮಗ್ಗುಲಲ್ಲೇ ಮುಚ್ಚಳ ತೆಗೆದ, ಬೆಂಕಿ ಚಿತ್ರದ ದೊಡ್ಡ ಡಬ್ಬ, ಅಕ್ಕನ ಕೈಯಲ್ಲಿ ಇನ್ನೇನು ಗೀರಬೇಕಿದ್ದ ಬೆಂಕಿಕಡ್ಡಿ.

ಹೇಗೆ ಹಾರಿ ಕಿತ್ತುಕೊಂಡರೋ ಅವರಿಗೇ ಗೊತ್ತಿಲ್ಲ. ಕಡ್ಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ನಿನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ಎಂದು ಗದರಿದರು.

ಅಕ್ಕನಿಗೆ ಅವರ ಗಾಬರಿಯೇ ಅರ್ಥವಾಗಲಿಲ್ಲ. ಹಳೇ ಪಾಲಿಶ್ ಕರಗಿಸಲು ಮಾಲೀಕರು ತಂದುಕೊಟ್ಟ ಹೊಸ ಮಾಲು ಇದು ಎಂದು ಹೇಳಿ, ಡಬ್ಬ ತಿರುಗಿಸಿ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಇನ್, ಫ್ಲ್ಯಾಮ್, ಮ, ಬಲ್. ಗುದ್ದು ಬೀಳಬೇಕಾದ ಕಡೆಯೇ ಬಿತ್ತು.

"ಫ್ಲೇಮ್ ಅಂದ್ರೆ ಬೆಂಕಿ. ಮುಂದೆ ಇನ್ ಇದೆ. ಹತ್ತಲ್ಲ ಅಂತ ತಾನೇ? ಮೊದ್ಲೆಲ್ಲ ಬೆಂಕಿ ಚಿತ್ರ ಇರೋ ಡಬ್ಬಾನ ಒಲೆಯಿಂದ ದೂರ ಇಡ್ತಿದ್ದೆ ಕಣೋ. ಈಗ ಓದೋಕೆ ಬರುತ್ತಲ್ಲ."

ಈ ಪದ ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಒಂದು ಅಪವಾದ ಹೇಳಿದರೆ ಸೂತ್ರದ ಸೊಗಸು ಕೆಡುತ್ತದೆಂದು ಪಾಠದಲ್ಲಿ ಅದರ ಗೊಡವೆಗೇ ಹೋಗಿರಲಿಲ್ಲ, ಅಷ್ಟೇ.

"ಇಲ್ಲಿ ಇನ್ ಅಂದ್ರೆ ಇಲ್ಲ ಅಂತಲ್ಲ ಅಕ್ಕ. ಥಟ್ಟಂತ ಹತ್ಕೊಳ್ಳುತ್ತೆ ಅಂತ."

ಅಕ್ಕ ಹಾಗೇ ನೆಲದ ಮೇಲೆ ಕುಸಿದಳು. ಡಬ್ಬ ನೋಡಿದಳು, ಸ್ಟೌ ನೋಡಿದಳು. ಬೈಯುತ್ತಾಳೆಂದು ಮೇಷ್ಟ್ರು ತಲೆ ತಗ್ಗಿಸಿ ನಿಂತರು. ಅವಳು ಬೈಯಲಿಲ್ಲ.

"ನನ್ನ ಪಕ್ಕ ಕೂರೋ ಪೆಟ್ರೋಲ್ ಬಂಕ್ ಹುಡುಗಿಗೂ ಇದನ್ನೇ ಹೇಳ್ಕೊಟ್ಟಿದ್ದೀಯಲ್ಲೋ" ಎಂದಳು.

ಮೇಷ್ಟ್ರು ಚಪ್ಪಲಿ ಅಲ್ಲೇ ಬಿಟ್ಟು ಬೀದಿಗೆ ಓಡಿದರು.