ಮಗಳ ಕೋಣೆಯ ಪೂರ್ವದ ಗೋಡೆ

ಸ್ವೀಡನ್‌ನ ವೆಸ್ಟೆರಾಸ್ ಪಟ್ಟಣದ ಹೊರಗೆ, ಸರೋವರಕ್ಕೆ ಹತ್ತಿರ, ನಾವು ಕೆಂಪು ಬಣ್ಣ ಬಳಿದ ಒಂದು ಹಳೆಯ ಮರದ ಮನೆ ಕೊಂಡೆವು. ಗಂಡ ಅಲ್ಲಿನ ಒಂದು ಕಂಪನಿಯಲ್ಲಿ ಎಂಜಿನಿಯರ್. ನಾನು ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೆ. ಮಗಳಿಗೆ ಆಗ ಐದು ವರ್ಷ, ಡಾಗಿಸ್‌ಗೆ, ಅಂದರೆ ಅಲ್ಲಿನ ಶಿಶುವಿಹಾರಕ್ಕೆ, ಹೋಗುತ್ತಿದ್ದಳು. ಮಹಡಿಯ ಪೂರ್ವದ ಕೋಣೆಯನ್ನು ಅವಳೇ ಆರಿಸಿಕೊಂಡಿದ್ದಳು.

ಜೂನ್ ಬಂದಾಗ ಅವಳು ಗೋಡೆಯ ಜೊತೆ ಮಾತಾಡಲು ಶುರು ಮಾಡಿದಳು. ಹೊರಗೆ ಇನ್ನೂ ಬೆಳಕಿರುವಾಗಲೇ ಕಪ್ಪು ಪರದೆ ಎಳೆದು, ಅವಳನ್ನು ಮಲಗಿಸಿ ಕೆಳಗೆ ಬಂದರೆ, ಸ್ವಲ್ಪ ಹೊತ್ತಿಗೆ ಮೇಲಿಂದ ಪಿಸುಮಾತು ಕೇಳಿಸುತ್ತಿತ್ತು. ಒಂದು ಸಂಜೆ ಸದ್ದಾಗದಂತೆ ಹತ್ತಿಹೋದೆ. ಹಾಸಿಗೆಯ ಮೇಲೆ ಮಂಡಿಯೂರಿ, ಗೋಡೆಗೆ ಕೆನ್ನೆ ಒತ್ತಿಕೊಂಡು ಕೂತಿದ್ದಳು.

"ಯಾರ ಜೊತೆ ಮಾತಾಡ್ತಿದೀಯ ಪುಟ್ಟಿ?"

ತುಟಿಯ ಮೇಲೆ ಬೆರಳಿಟ್ಟಳು. "ಡೊಮ್ ಪ್ರಾಟರ್," ಅಂದಳು. ಸ್ವೀಡಿಷ್‌ನಲ್ಲಿ, ಅವರು ಮಾತಾಡ್ತಿದ್ದಾರೆ ಅಂತ.

ನಾನೂ ಅವಳ ಪಕ್ಕದಲ್ಲಿ ಕಿವಿ ಇಟ್ಟೆ. ಏನೂ ಕೇಳಿಸಲಿಲ್ಲ. ಆದರೆ ಹಲಗೆ ಬೆಚ್ಚಗಿತ್ತು. ಬೇರೆ ಮೂರು ಗೋಡೆಗಳನ್ನೂ ಮುಟ್ಟಿ ನೋಡಿದೆ, ಅವು ತಣ್ಣಗಿದ್ದವು.

ಗಂಡನಿಗೆ ಹೇಳಿದರೆ ನಕ್ಕರು. "ಮಕ್ಕಳಿಗೆ ಇಮ್ಯಾಜಿನರಿ ಫ್ರೆಂಡ್ಸ್ ಇರ್ತಾರೆ ಕಣೆ. ಬಿಸಿಲು ಬಿದ್ದಿರತ್ತೆ, ಗೋಡೆ ಬೆಚ್ಚಗಿರತ್ತೆ."

"ರೀ, ಅದು ಪೂರ್ವದ ಗೋಡೆ. ಬೆಳಗಿನ ಬಿಸಿಲು ಸಂಜೆವರ್ಗೂ ಇರತ್ತಾ?"

ನಾನು ನನ್ನ ದಿಂಬು ತಗೊಂಡು ಮಗಳ ಕೋಣೆಗೆ ಹೋದೆ. ಅಂದಿನಿಂದ ಅಲ್ಲೇ ಮಲಗುತ್ತಿದ್ದೆ. ಅವಳು ಯಾರೋ ಹೇಳುವುದನ್ನು ಕೇಳುವವಳಂತೆ ಸುಮ್ಮನಾಗುವಳು, ನಗುವಳು, ಮತ್ತೆ ಸುಮ್ಮನಾಗುವಳು. ಅವಳು ಹೆದರಿದ್ದರೆ ನನಗೆ ಸಮಾಧಾನ ಮಾಡುವುದಾದರೂ ಗೊತ್ತಿತ್ತು. ಅವಳಿಗೆ ಹೆದರಿಕೆಯೇ ಇರಲಿಲ್ಲ.

ಆ ಹೊತ್ತಿಗೇ ನಾವು ಮನೆಗೆ ಇನ್ನೊಂದು ಕೋಣೆ ಸೇರಿಸಲು ಕೊಮ್ಯೂನ್‌ಗೆ, ಅಂದರೆ ಅಲ್ಲಿನ ನಗರಸಭೆಗೆ, ಅರ್ಜಿ ಹಾಕಿದ್ದೆವು. ಪೂರ್ವದ ಗೋಡೆ ಒಡೆದು, ಅಂಗಳದ ಹಳೆಯ ಕೊಟ್ಟಿಗೆಯನ್ನೂ ಕೆಡವಿ ಅಲ್ಲಿಯವರೆಗೆ ಮನೆ ಬೆಳೆಸುವುದು ಎಂದು ಯೋಜನೆ. ಸರೋವರದ ಬಳಿ ಬಾವಲಿಗಳಿವೆ, ಅವು ಕೊಟ್ಟಿಗೆಯಲ್ಲಿ ವಾಸವಾಗಿರಬಹುದು, ಮೊದಲು ಪರೀಕ್ಷೆ ಮಾಡಿಸಿ ಎಂದು ಅಲ್ಲಿಂದ ಉತ್ತರ ಬಂತು. ಈ ದೇಶದಲ್ಲಿ ಬಾವಲಿಯ ಗೂಡು ಕೆಡಿಸುವುದು ಅಪರಾಧ.

ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಹೇಳಿದೆ. "ಬಾವಲಿನಾ? ಮನೆ ಹತ್ರ ಸೇರಿಸ್ಕೋಬೇಡ ಕಣೆ, ಒಳ್ಳೇದಲ್ಲ," ಅಂದರು. ಆಮೇಲೆ ಬೇರೆ ಏನೋ ಮಾತಾಡಿದೆವು.

ಜುಲೈನ ಒಂದು ಸಂಜೆ ಪರೀಕ್ಷೆಯವರು ಬಂದರು. ಐವತ್ತರ ಆಸುಪಾಸಿನ ಹೆಂಗಸು. ರಬ್ಬರ್ ಬೂಟು, ಹೆಗಲಿಗೆ ಚೀಲ, ಫ್ಲಾಸ್ಕ್‌ನಲ್ಲಿ ಕಾಫಿ. ಕೈಯಲ್ಲಿ ಹಳೆಯ ಟ್ರಾನ್ಸಿಸ್ಟರ್‌ನಂಥ ಒಂದು ಯಂತ್ರ. ಬಾವಲಿಯ ಕೂಗು ಮನುಷ್ಯರ ಕಿವಿಗೆ ನಿಲುಕುವುದಿಲ್ಲ, ಈ ಯಂತ್ರ ಅದನ್ನು ನಮಗೆ ಕೇಳುವ ಸದ್ದಾಗಿ ಇಳಿಸುತ್ತದೆ ಎಂದು ವಿವರಿಸಿದರು. ಕೊಟ್ಟಿಗೆಯ ತೊಲೆ ತೊಲೆಗೂ ಟಾರ್ಚ್ ಬಿಟ್ಟರು. ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ. ಯಂತ್ರ ಮೌನವಾಗಿತ್ತು.

"ಸದ್ಯ, ಕ್ಲಿಯರ್ ಆಯ್ತು," ಎಂದು ಗಂಡ ನನ್ನ ಕಿವಿಯಲ್ಲಿ ಅಂದರು.

ಸೂರ್ಯ ಮುಳುಗಿದ್ದ. ಆಕಾಶ ಹಾಲು ಬೆರೆಸಿದ ನೀರಿನ ಬಣ್ಣದಲ್ಲಿತ್ತು. ಅವರು ಯಂತ್ರವನ್ನು ಆರಿಸದೆ ನಮ್ಮ ಮನೆಯ ಕಡೆಗೆ ತಿರುಗಿದರು. ತಕ್ಷಣ ಅದು ಬಾಯಿ ಬಿಟ್ಟಿತು. ಒದ್ದೆ ಕೈಗಳಿಂದ ನೂರಾರು ಜನ ಒಟ್ಟಿಗೆ ಮೇಜು ತಟ್ಟಿದಂತೆ ಸದ್ದು. ಗೋಡೆ ಮಾತ್ರ ಎಂದಿನಂತೆ ಕೆಂಪಗೆ, ಸುಮ್ಮನೆ ನಿಂತಿತ್ತು.

ಆಗಲೇ ಮೇಲಿನ ಕಿಟಕಿಯಿಂದ ದನಿ ಕೇಳಿತು. ನಿದ್ದೆ ಮಾಡುತ್ತಿರಬೇಕಾಗಿದ್ದ ಮಗಳು ನೈಟಿಯಲ್ಲಿ ಕಿಟಕಿಯ ಬಳಿ ನಿಂತಿದ್ದಳು.

"ನೂ," ಅಂದಳು. ಸ್ವೀಡಿಷ್‌ನಲ್ಲಿ ಹಾಗೆಂದರೆ ಈಗ.

ಅವಳ ಕಿಟಕಿಯ ಪಕ್ಕದ ಹಲಗೆಯ ಸಂದಿಯಿಂದ ಕಪ್ಪಗಿನ ಏನೋ ಒಂದು ಉದುರಿ, ನೆಲ ಮುಟ್ಟುವ ಮೊದಲೇ ರೆಕ್ಕೆ ಬಿಚ್ಚಿ ಸರೋವರದ ಕಡೆ ಹಾರಿತು.

"ನೂ."

ಇನ್ನೊಂದು ಉದುರಿತು.

ಒಮ್ಮೆಯೂ ತಪ್ಪಲಿಲ್ಲ. ಪ್ರತಿ ಸಲವೂ ಮೊದಲು ಅವಳ ಮಾತು, ಆಮೇಲೆ ಬಾವಲಿ. ಪರೀಕ್ಷೆಯ ಹೆಂಗಸು ಎಣಿಸುವುದನ್ನು ನಿಲ್ಲಿಸಿ ಮೇಲೆ ನೋಡುತ್ತ ನಿಂತುಬಿಟ್ಟರು. ಗಂಡ ನನ್ನ ತೋಳು ಹಿಡಿದರು. ನಾನು ಕೈ ಬಿಡಿಸಿಕೊಂಡು ಮೆಟ್ಟಿಲು ಹತ್ತಿ ಓಡಿದೆ. ಮಗಳನ್ನು ಎತ್ತಿಕೊಂಡಾಗ ಅವಳು ನನ್ನ ಹೆಗಲ ಮೇಲಿಂದಲೇ ಮತ್ತೊಮ್ಮೆ ಹೇಳಿದಳು: "ನೂ."

ಆಮೇಲೆ ಅಡುಗೆಮನೆಯಲ್ಲಿ ಕೂತು ಆ ಹೆಂಗಸು ತಿಳಿಸಿ ಹೇಳಿದರು. ಪೂರ್ವದ ಗೋಡೆಯ ಹೊರಹಲಗೆ, ಒಳಹಲಗೆಗಳ ನಡುವೆ ತಾಯಿ ಬಾವಲಿಗಳು ಮರಿಗಳೊಂದಿಗೆ ಇವೆ. ಅವುಗಳ ಮೈಯ ಬಿಸಿಯೇ ಗೋಡೆಯ ಬಿಸಿ. ಅವು ತಮ್ಮತಮ್ಮಲ್ಲಿ ಆಡುವ ಕೆಲವು ಸದ್ದುಗಳು ಚಿಕ್ಕ ಮಕ್ಕಳಿಗೆ ಕೇಳಿಸುತ್ತವೆ, ದೊಡ್ಡವರಿಗೆ ಕೇಳಿಸುವುದಿಲ್ಲ. "ನಾನೂ ಚಿಕ್ಕವಳಿದ್ದಾಗ ಕೇಳಿಸಿಕೊಳ್ಳುತ್ತಿದ್ದೆ," ಎಂದು ತಣ್ಣಗಾದ ಕಾಫಿಯನ್ನೇ ಕುಡಿದರು.

ಕಾರಣ ಗೊತ್ತಾಯಿತು, ಭಯ ಹೋಗಲಿಲ್ಲ. ಅಷ್ಟೊಂದು ಜೀವಗಳು ಒಂದು ಹಲಗೆಯ ಆಚೆ ಉಸಿರಾಡುತ್ತಿದ್ದಾಗ ನಾನು ಅಲ್ಲಿಗೇ ಕಿವಿ ಕೊಟ್ಟು, ಏನೂ ಇಲ್ಲ ಅಂದುಕೊಂಡು ಬಂದಿದ್ದೆ.

ಆ ಗೋಡೆ ಮುಟ್ಟುವ ಯೋಜನೆ ಬಿಟ್ಟೆವು. ಪಶ್ಚಿಮಕ್ಕೆ ಒಂದು ಚಿಕ್ಕ ಕೋಣೆ ಕಟ್ಟಲು ಅನುಮತಿ ಸಿಕ್ಕಿತು. ಮಗಳನ್ನು ಬೇರೆ ಕಡೆ ಮಲಗಿಸಲು ನೋಡಿದೆ, ಅವಳು ಒಪ್ಪಲಿಲ್ಲ. ಆಗಸ್ಟ್ ಕೊನೆಗೆ ಬಾವಲಿಗಳು ಹೊರಟುಹೋದವು. ಅವಳು ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

"ಅವ್ರು ಏನ್ ಮಾತಾಡ್ತಿದ್ರು?" ಎಂದು ಆಗ ಕೇಳಿದೆ.

"ಮರಿಗಳು ಅಮ್ಮನ್ನ ಕರೀತಿದ್ವು. ಅಮ್ಮ ಬಂದ್ರೆ ಸುಮ್ನಾಗ್ತಿದ್ವು." ಆಮೇಲೆ ಸೇರಿಸಿದಳು: "ಒಂದು ಮಾತ್ರ ಕರೀತಾನೇ ಇತ್ತು. ಯಾರೂ ಬರ್ಲಿಲ್ಲ. ಅದಕ್ಕೆ ನಾನು ಇದೀನಿ ಅಂದೆ."

"ಆಮೇಲೆ?"

"ಸುಮ್ನಾಯ್ತು."

ಅಕ್ಟೋಬರ್‌ನಲ್ಲಿ ಆ ಹೆಂಗಸು ಮತ್ತೆ ಬಂದು ಹಲಗೆಯ ಸಂದಿಗೆ ತೆಳ್ಳಗಿನ ಕ್ಯಾಮೆರಾ ತೂರಿಸಿ ಒಳಗೆ ನೋಡಿದರು. ಗೂಡು ಖಾಲಿ. ಮಗಳ ದಿಂಬಿನ ಎತ್ತರದಲ್ಲಿ ಮಾತ್ರ, ಒಳಹಲಗೆಗೆ ಅಂಟಿಕೊಂಡು, ಒಂದು ಮರಿ ಒಣಗಿಹೋಗಿತ್ತು. ಅದರ ಮುಖ ಕೋಣೆಯ ಕಡೆಗಿತ್ತು.

ಮಗಳಿಗೆ ಇದನ್ನು ನಾವು ಹೇಳಲಿಲ್ಲ. ಈಗ ಅವಳಿಗೆ ಹನ್ನೊಂದು. ಆ ಬೇಸಿಗೆ ಒಂದಿಷ್ಟೂ ನೆನಪಿಲ್ಲ ಅನ್ನುತ್ತಾಳೆ. ಬಾವಲಿಗಳು ಪ್ರತಿ ವರ್ಷ ಬರುತ್ತವೆ. ಜುಲೈನಲ್ಲಿ ಅವಳನ್ನು ಅಂಗಳಕ್ಕೆ ಕರೆಯುತ್ತೇನೆ. ಸೊಳ್ಳೆ ಓಡಿಸಿಕೊಳ್ಳುತ್ತ ಒಂದೆರಡು ಹಾರುವುದನ್ನು ನೋಡಿ, "ಸಾಕಮ್ಮ," ಎಂದು ಒಳಗೆ ಹೋಗುತ್ತಾಳೆ. ನಾನು ಎಲ್ಲವೂ ಹೊರಡುವವರೆಗೆ ನಿಲ್ಲುತ್ತೇನೆ. ಆಮೇಲೂ ಬಾಗಿಲು ತೆಗೆದು ಮಹಡಿ ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.