ಕೈ ಎತ್ತಿಸಿದ ಅತ್ತೆ

ಹಿಪ್ಪುನೇರಳೆ ಸೊಪ್ಪಿನ ಹಾಲು ಹತ್ತಿ ಹತ್ತಿ ಕಪ್ಪಾದ ಬೆರಳುಗಳು ನನ್ನ ಅತ್ತೆಯವು. ಎಷ್ಟು ತಿಕ್ಕಿದರೂ ಆ ಬಣ್ಣ ಬಿಡುತ್ತಿರಲಿಲ್ಲ. ರಾಮನಗರದ ಹತ್ತಿರದ ಕೈಲಾಂಚದ ಮನೆಯಲ್ಲಿ ರೇಷ್ಮೆಹುಳುಗಳ ಕೆಲಸವೆಲ್ಲ ಅವರದು. ನಾನು ಬಿಡದಿ ಕಡೆ ಹೊಸದಾಗಿ ಎದ್ದಿದ್ದ ಫ್ಯಾಕ್ಟರಿಯೊಂದಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅವರದು ಮಾತು ಕಮ್ಮಿ, ಗದರುವುದು ಜಾಸ್ತಿ. ಪೌಡರ್ ಹಾಕಿಕೊಂಡು ಹುಳದ ಮನೆಗೆ ಕಾಲಿಟ್ಟರೆ, ಆ ವಾಸನೆ ಹುಳಕ್ಕೆ ಆಗದೆಂದು ಆಚೆ ಅಟ್ಟುತ್ತಿದ್ದರು.

ಮೈಸೂರು ರಸ್ತೆ ಅಗಲವಾಗುತ್ತಿದ್ದ ಆ ಕಾಲದಲ್ಲಿ ನನ್ನ ಎಡ ಮೊಲೆಯಲ್ಲಿ ಗಂಟು ಕಾಣಿಸಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊಲೆ ತೆಗೆದು, ನನ್ನದೇ ಹೊಟ್ಟೆಯ ಮಾಂಸದಿಂದ ಅಲ್ಲಿ ಹೊಸದೊಂದನ್ನು ಕಟ್ಟಿದರು. ಮನೆಗೆ ನೋಡಲು ಬಂದ ನೆಂಟರ ಹೆಂಗಸೊಬ್ಬಳು, "ಮಕ್ಕಳಾದ್ಮೇಲೆ ಇವಳಿಗೆ ಅದ್ಯಾಕವ್ವ ಬೇಕಿತ್ತು?" ಅಂದಳು. ನಾನು ಸೆರಗು ಎಳೆದುಕೊಂಡೆ. ಅತ್ತೆ ಅವಳ ಮುಂದೆ ಲೋಟ ಕುಕ್ಕಿ, "ಅವಳ ಮೈ, ಅವಳಿಗೆ ಬೇಕು. ನೀ ಕಾಪಿ ಕುಡ್ದು ಹೊಂಡವ್ವ" ಎಂದರು.

ಎಡಗೈ ಮಾತ್ರ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಹೊಲಿಗೆ ಬಿಚ್ಚೀತೆಂದು ಹೆದರಿ ನಾನು ಅದನ್ನು ಮೈಗೆ ಒತ್ತಿಕೊಂಡೇ ಇದ್ದೆ. ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಖಡಕ್ಕಾಗಿ ಹೇಳಿದರು: "ಇನ್ನು ಕರೆಂಟ್, ಅಂದ್ರೆ ರೇಡಿಯೇಷನ್ ಕೊಡಬೇಕು. ಕೈ ತಲೆ ಮೇಲಿಟ್ಟು ಅಲ್ಲಾಡದೆ ಮಲಗಬೇಕಾಗತ್ತೆ. ಕೈ ಏಳದಿದ್ರೆ ಕೊಡೋಕಾಗಲ್ಲ. ತಡ ಆದಷ್ಟೂ ಅಪಾಯ."

ಅಲ್ಲಿಂದ ಅತ್ತೆಗೆ ನೆಮ್ಮದಿಯೇ ಇಲ್ಲ. ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಮೇಲಕ್ಕೆ ಹತ್ತಿಸು ಎನ್ನುವರು. ನಾನು ಅರ್ಧಕ್ಕೇ ಅತ್ತು ಇಳಿಸಿಬಿಡುತ್ತಿದ್ದೆ. ಒಂದು ಬೆಳಿಗ್ಗೆ ತಾಳ್ಮೆ ಕೆಟ್ಟು, ನನ್ನ ಮೊಣಕೈ ಹಿಡಿದು ಮೇಲಕ್ಕೆ ಎಳೆದೇಬಿಟ್ಟರು. ಕಿರುಚಿದೆ. ಮಧ್ಯಾಹ್ನದ ಹೊತ್ತಿಗೆ ಕಂಕುಳ ಕೆಳಗೆ ಊದಿಕೊಂಡು, ರವಿಕೆ ಒದ್ದೆಯಾಯಿತು.

ನನ್ನ ಗಂಡ ಶಿಫ್ಟಿನಲ್ಲಿದ್ದರು. ನಾವಿಬ್ಬರೇ ಆಟೋದಲ್ಲಿ ರಾಮನಗರಕ್ಕೆ ಬಂದು ಬೆಂಗಳೂರಿನ ಬಸ್ಸು ಹತ್ತಿದೆವು. ಅತ್ತೆ ನನ್ನ ಮುಖ ನೋಡಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು. "ಒಳಗೆ ಕಟ್ಟಿದ್ದು ಕಿತ್ತೋಗಿದ್ರೆ, ನಾನೇ ಕೊಂದಂಗಾಯ್ತದೆ ಕಣವ್ವ" ಎಂದರು.

ಡಾಕ್ಟರಮ್ಮ ಸೂಜಿಯಲ್ಲಿ ನೀರು ತೆಗೆದು ಪರೀಕ್ಷಿಸಿದರು. ಒಳಗೆ ಏನೂ ಕೆಟ್ಟಿರಲಿಲ್ಲ. "ಯಾರೂ ಎಳೀಬೇಡಿ. ಅವರೇ ನಿಧಾನಕ್ಕೆ ಎತ್ತಬೇಕು, ಒಂದಿನಾನೂ ಬಿಡಬಾರದು" ಎಂದರು.

ಆಮೇಲೆ ಅತ್ತೆ ನನ್ನ ಕೈ ಮುಟ್ಟಲಿಲ್ಲ. ನನ್ನ ಪಕ್ಕ ನಿಂತು ತಾವೂ ಗೋಡೆಗೆ ಬೆರಳು ಹತ್ತಿಸತೊಡಗಿದರು. ಸೊಪ್ಪಿನ ಹೊರೆ ಹೊತ್ತು ಅವರ ಭುಜವೂ ಎಂದೋ ಬಿಗಿದುಹೋಗಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಹಲ್ಲು ಕಚ್ಚಿ, "ನಂಗೂ ನೋಯ್ತದೆ. ಎತ್ತು, ಇನ್ನೊಸಿ" ಅನ್ನುತ್ತಿದ್ದರು. ಅವರು ಇಳಿಸುವ ಮುಂಚೆ ನಾನು ಇಳಿಸಬಾರದೆಂಬ ಹಟ ನನಗೂ ಹುಟ್ಟಿತು.

ಕರೆಂಟಿನ ಕೋಣೆಯಲ್ಲಿ ಮಲಗಿದ ದಿನ ತಲೆಯ ಮೇಲಿಟ್ಟ ಕೈ ಸೆಳೆಯಿತು, ಉರಿಯಿತು, ಆದರೆ ಅಲ್ಲೇ ನಿಂತಿತು. ಆಚೆ ಬಂದು ಹೇಳಿದಾಗ ಅತ್ತೆ ಆಕಡೆ ತಿರುಗಿ ಕಣ್ಣೊರೆಸಿಕೊಂಡು, "ನಡಿ, ಹುಳಕ್ಕೆ ಸೊಪ್ಪಾಕಕ್ಕೆ ಹೊತ್ತಾಯ್ತು" ಎಂದರು.

ಎಷ್ಟೋ ವರ್ಷಗಳ ಮೇಲೆ ಅವರೇ ಹಾಸಿಗೆ ಹಿಡಿದರು. ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲು, ಗಂಜಿ ಕುಡಿಸಲೆಂದು ಎಬ್ಬಿಸಲು ಬಗ್ಗಿದೆ. ಅವರು ನನ್ನ ಎಡಗೈಯನ್ನು ತಡೆದು, "ಆ ಕೈಲಿ ಭಾರ ಎತ್ಬೇಡ ಕಣವ್ವ" ಅಂದರು. ನಾನು ಎರಡೂ ಕೈ ಕೊಟ್ಟು ಅವರನ್ನು ಎತ್ತಿ ಕೂರಿಸಿದೆ.