ನಾಗರತ್ನಕ್ಕನ ಹೊಸ ಅಳತೆ

ನಾಗರತ್ನಕ್ಕ ನಕ್ಕರೆ ಹೊಲಿಗೆ ಮಿಷನ್ನಿನ ಮೇಲಿಟ್ಟ ಕತ್ತರಿ ಅಲ್ಲಾಡುತ್ತಿತ್ತು. ಅಷ್ಟು ದೊಡ್ಡ ಮೈ, ಅದಕ್ಕೆ ತಕ್ಕ ನಗು. ತರೀಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು. ರವಿಕೆ ಹೊಲಿಸಲು ಬಂದವರನ್ನು ಬಾಗಿಲಲ್ಲೇ ನೋಡಿ, "ಏನೇ, ಇಳಿದುಹೋಗಿದೀಯ! ಊಟ ಮಾಡಲ್ವಾ?" ಎಂದು ಗದರುವರು. ಟೇಪು ಹಿಡಿಯುವುದು ಆಮೇಲೆ. ಅವರೆದುರು ತೆಳ್ಳಗಿರುವುದೇ ತಪ್ಪೆನಿಸುತ್ತಿತ್ತು.

ಆದರೆ ನಿದ್ದೆಯಲ್ಲಿ ಅವರ ಉಸಿರು ನಡುನಡುವೆ ನಿಂತುಬಿಡುತ್ತಿತ್ತು. ಗಂಡ ಚಂದ್ರಪ್ಪ ಹೆದರಿ ಅಲುಗಾಡಿಸಿ ಎಬ್ಬಿಸುವರು. ಸಕ್ಕರೆ ಕಾಯಿಲೆಯೂ ಹತೋಟಿಗೆ ಬರಲಿಲ್ಲ. ಕೊನೆಗೆ ಬೆಂಗಳೂರಿನ ಡಾಕ್ಟರೊಬ್ಬರು, ಹೊಟ್ಟೆಗೆ ಸಣ್ಣ ತೂತು ಮಾಡಿ ರೋಬೋಟ್ ನೆರವಿನಿಂದ ಜಠರವನ್ನು ಚಿಕ್ಕದು ಮಾಡುವ ಆಪರೇಷನ್ ಹೇಳಿದರು. ಜೊತೆಗೆ ನಾನೂ ಹೋಗಿದ್ದೆ.

"ಮಿಷನ್ನೇ ಕೊಯ್ಯುತ್ತಾ ಸ್ವಾಮಿ?" ನಾಗರತ್ನಕ್ಕ ಕೇಳಿದರು.

"ಇಲ್ಲಮ್ಮ, ಅದು ತಾನಾಗಿ ಏನೂ ಮಾಡಲ್ಲ. ನಾನು ಅದೇ ರೂಮಲ್ಲಿ ಸ್ವಲ್ಪ ದೂರ ಕೂತು ಆಡಿಸಿದ ಹಾಗೆ ಅದರ ಕೈ ಆಡುತ್ತೆ," ಎಂದರು ಡಾಕ್ಟರು.

"ಹಂಗಾದ್ರೆ ನನ್ನ ಮುಟ್ಟೋರು ಯಾರು?"

"ನಾನೇ ಅಂದ್ಕೊಳ್ಳಿ."

ನಾಗರತ್ನಕ್ಕ ನನ್ನ ಮುಖ ನೋಡಿದರು. ನನಗೂ ಸರಿಯಾಗಿ ತಿಳಿದಿರಲಿಲ್ಲ. "ಯಾರಾದ್ರೂ ಮುಟ್ಲಿ, ಉಸಿರು ನಿಲ್ದಿದ್ರೆ ಸಾಕು," ಎಂದು ಒಪ್ಪಿಕೊಂಡರು.

ಆಪರೇಷನ್ ಸುಸೂತ್ರವಾಯಿತು. ತಿಂಗಳು ಕಳೆದಂತೆ ಮೈ ಕರಗಿತು. ಉಸಿರು ಸರಿಹೋಯಿತು, ಸಕ್ಕರೆ ಮಾತ್ರೆಯೂ ಕಡಿಮೆಯಾಯಿತು. ಕಡೂರಿನಿಂದ ಬಂದ ನೆಂಟರು ಮಾತ್ರ ಚಂದ್ರಪ್ಪನವರನ್ನು ಪಕ್ಕಕ್ಕೆ ಕರೆದು, "ಏನಪ್ಪಾ ಕಾಯಿಲೆ?" ಎಂದು ಪಿಸುಗುಟ್ಟುವರು.

ಗಲಿಬಿಲಿ ನಾಗರತ್ನಕ್ಕನಿಗೂ ಇತ್ತು. "ಹಸಿವೇ ಆಗಲ್ಲ ಕಣೇ ಸುಮಾ. ಮಧ್ಯಾಹ್ನ ಆಯ್ತೋ ಇಲ್ವೋ ಹೆಂಗೆ ತಿಳ್ಕೊಳ್ಳೋದು?" ಎನ್ನುವರು. ಊರಿನವರಿಗೆಲ್ಲ ಹೊಲಿದ ಕೈ, ಸ್ವಂತ ರವಿಕೆಯನ್ನು ಮತ್ತೆ ಮತ್ತೆ ಕೆಡಿಸಿತು. ಟೇಪು ತೋರಿಸಿದ್ದನ್ನು ಅವರು ನಂಬುತ್ತಲೇ ಇರಲಿಲ್ಲ. "ಕಣ್ಣೊಳಗೆ ಹಳೇ ನಾಗರತ್ನನೇ ಕೂತವ್ಳೆ. ಬಟ್ಟೆ ಅವಳಿಗೇ ಕತ್ತರಿಸ್ಬಿಡ್ತೀನಿ," ಎಂದು ಬಿಚ್ಚಿ ಮತ್ತೆ ಹೊಲಿಯಲು ಕೂರುವರು.

ಹೋದ ವರ್ಷ ಚಂದ್ರಪ್ಪನವರಿಗೆ ಅಜ್ಜಂಪುರಕ್ಕೆ ವರ್ಗವಾಯಿತು. ಸಾಮಾನು ತುಂಬಿದ ಗಾಡಿ ಮುಂದೆ ಹೋದ ಮೇಲೆ ನಾಗರತ್ನಕ್ಕ ನಮ್ಮ ಜಗಲಿಗೆ ಬಂದರು.

"ಬತ್ತೀನಿ ಕಣೇ. ಆ ಕಡೆ ಬಂದಾಗ ನನ್ನ ಗುರುತು ಹಿಡೀತೀಯ ತಾನೇ?"

ನಾನು ಅವರನ್ನು ತಬ್ಬಿಕೊಂಡೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಎರಡೂ ಕೈ ಅವರ ಬೆನ್ನ ಹಿಂದೆ ಸೇರಿದವು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ, ಬಿಡದೆ ಹಾಗೇ ಹಿಡಿದು ನಿಂತಿದ್ದೆ.